ಮೂರು ಸಸಿಗಳಿಗೆ ಎರೆದ ನೀರು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಹೇಳದಿದ್ದರೂ ಯಾರಿಗೇನು ನಷ್ಟ ಎಂಬುದೊಂದು ನೆಪ. ಎಲ್ಲರೂ ನಕ್ಕು ಮುಗಿಸಿದ ವಿಷಯ ಎಂಬುದು ಇನ್ನೊಂದು. ಆದರೆ ಅವರು ನಕ್ಕಿದ್ದು ತಪ್ಪು ಮಾಡದವರನ್ನು ನೋಡಿ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಬಕಾರಿ ಗಾರ್ಡ್ ಆದವನು. ಕಬ್ಬಿನ ಸಾಲಿನ ನಡುವೆ ಕದ್ದು ಬೆಳೆದ ಗಾಂಜಾ ಗಿಡಗಳನ್ನು ಕಿತ್ತು, ರಾಶಿ ಹಾಕಿ, ಬೆಂಕಿ ಇಡುವುದು ನನ್ನ ನೌಕರಿಯ ಒಂದು ಭಾಗವಾಗಿತ್ತು. ಹಾಗಾಗಿ ಮೊದಲ ಸಲ ಹೊರದೇಶದ ಪುಟ್ಟ ಊರು ರೆನ್ನಿಂಗೆನ್‌ನ ಮಗಳ ಮನೆಗೆ ಬಂದಾಗ, ಅಕ್ಕಿ ಡಬ್ಬಿ ಹುಡುಕುತ್ತ ಉಗ್ರಾಣದ ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟೆ. ನೇರಳೆ ಬಣ್ಣದ ದೀಪದ ಕೆಳಗೆ, ಮೊಸರಿನ ಮೂರು ಖಾಲಿ ಡಬ್ಬಿಗಳಲ್ಲಿ ಮೂರು ಸಸಿ. ಬುಡದಲ್ಲಿ ಎರಡು ಗುಂಡೆಲೆ, ಅದರ ಮೇಲೆ ಗರಗಸದ ಹಲ್ಲಿನ ಎರಡು ಪುಟ್ಟ ಎಲೆ. ಇನ್ನೊಬ್ಬರಾದರೆ ಚೆಂಡುಹೂವಿನ ಸಸಿ ಎಂದುಕೊಳ್ಳುತ್ತಿದ್ದರೇನೋ. ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಪ್ಪಾ, ಗಾಬರಿ ಆಗ್ಬೇಡಿ. ಇಲ್ಲಿ ಲೀಗಲ್. ಮನೇಲಿ ಮೂರು ಗಿಡ ಬೆಳಸ್ಬಹುದು. ಇವರ ಬೆನ್ನಿಗೆ," ಎಂದಳು ಮಗಳು.

ಅಳಿಯ ಹಿಂದಿನ ಚಳಿಗಾಲದಲ್ಲಿ ಹಿಮದ ಮೇಲೆ ಸೈಕಲ್ ಜಾರಿ ಬಿದ್ದಿದ್ದ. ಬೆನ್ನಿನ ನರಕ್ಕೆ ಪೆಟ್ಟಾಗಿತ್ತು. ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲಾರ, ಅಡುಗೆಕಟ್ಟೆಗೆ ಆತುಕೊಂಡು ನಿಂತೇ ಊಟ ಮಾಡುತ್ತಿದ್ದ. ಮಾತ್ರೆ ನುಂಗಿದರೆ ದಿನವಿಡೀ ಮಂಪರು. ಡಾಕ್ಟರಿಗೆ ತಿಳಿಸಿಯೇ ಈ ಗಿಡ ಹಾಕಿದ್ದು. ಇಷ್ಟೆಲ್ಲ ಕೇಳಿಯೂ ನನ್ನ ಮನಸ್ಸು ಒಪ್ಪಲಿಲ್ಲ. ಬಾಯಲ್ಲಿ "ಸರಿ ಬಿಡಮ್ಮ" ಎಂದೆ.

ನನ್ನ ಹೆಂಡತಿಗೆ ಅಂಥ ಸಂಕಟವೇನೂ ಆಗಲಿಲ್ಲ. "ಗಿಡಕ್ಕೇನು ಗೊತ್ತು ರೀ ಯಾವುದು ಅಪರಾಧ ಅಂತ?" ಎಂದು ಅಕ್ಕಿ ತೆಗೆದುಕೊಂಡು ಹೋದಳು. ಅವಳು ಬಾಲ್ಕನಿಯಲ್ಲಿ ಚಳಿಗೆ ಮುದುಡಿದ್ದ ತುಳಸಿಯನ್ನು ಒಳಗೆ ತಂದಿಟ್ಟುಕೊಂಡು, ದಿನಾ ಸ್ನಾನವಾದ ಮೇಲೆ ಚೊಂಬಿನಲ್ಲಿ ನೀರೆರೆಯುತ್ತಿದ್ದಳು. ಈ ಅಭ್ಯಾಸ ಮುಂದೆ ನನ್ನನ್ನು ಕಾಪಾಡಿತು. ಕಾಪಾಡಬಾರದಿತ್ತು.

ಕೆಲವು ದಿನಗಳಲ್ಲಿ ಅಳಿಯ ಚಿಕಿತ್ಸೆಗೆಂದು ಬೇರೆ ಊರಿಗೆ ಹೋಗಬೇಕಾಯಿತು. ಮಗಳೂ ಜೊತೆಗೆ ಹೊರಟಳು. ಹೋಗುವ ಮುಂಚೆ ಅವನು ನಮ್ಮಿಬ್ಬರನ್ನೂ ಉಗ್ರಾಣಕ್ಕೆ ಕರೆದ. ಹುಬ್ಬಳ್ಳಿ ಕಡೆಯ ಹುಡುಗ, ಪಾಠ ಮಾಡಿದರೂ ತಮಾಷೆಯಾಗಿಯೇ ಮಾಡುವವನು.

"ಮಾವಾರ, ಇವಕ್ಕ ನೀರು ಹಾಕೂದಲ್ರಿ, ಬರೇ ತೋರ್ಸೂದು. ಮ್ಯಾಲಿನ ಮಣ್ಣು ಒಣಗಿದ ಮ್ಯಾಲ ಅಂಚಿನಗುಂಟ ಎರಡು ಚಮಚ. ದಂಟಿನ ಬುಡಕ್ಕ ಬ್ಯಾಡ. ಡಬ್ಬಿ ಎತ್ತಿ ನೋಡ್ರಿ, ಹಗುರ ಅನಿಸಿದ್ರ ಹಾಕ್ರಿ, ಭಾರ ಇದ್ರ ಬಿಡ್ರಿ."

ಹೀಟರಿನ ಶಾಖಕ್ಕೆ ಚಳಿಗಾಲದ ಮನೆಯ ಗಾಳಿ ಹಪ್ಪಳದಂತೆ ಒಣಗಿರುತ್ತದೆ. ಬೇರು ಬಲಿಯದ ಸಸಿಗಳು ಅದನ್ನು ತಾಳಲಾರವು. ಅದಕ್ಕೇ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಅದರ ಒಳಮೈಗೆ ಮಾತ್ರ ತುಸು ನೀರು ಚಿಮುಕಿಸಬೇಕು. ಒಳಗಿಟ್ಟ ಪುಟ್ಟ ತೇವಾಂಶ ಮಾಪಕ ಶೇಕಡಾ ಎಪ್ಪತ್ತರ ಆಸುಪಾಸು ತೋರಿಸುತ್ತಿರಬೇಕು. ಬೆಳಿಗ್ಗೆ ಸಂಜೆ ಮುಚ್ಚಳ ತೆಗೆದು ಗಾಳಿಯಾಡಿಸಿ, ಒಳಗೆ ಕಟ್ಟಿದ ಹನಿ ಒರೆಸಬೇಕು. "ನೀರು ಹೆಚ್ಚಾಗಿ ಗಾಳಿ ಕಮ್ಮಿ ಆತಂದ್ರ ಬುಡ ಕೊಳತು ಮಕ್ಕೊಂಡಬಿಡ್ತಾವ್ರಿ," ಎಂದ.

ಅವನು ಅಷ್ಟು ಬಿಡಿಸಿ ಹೇಳಿದ್ದರಿಂದಲೇ ಕೊಲ್ಲುವುದು ಹೇಗೆಂದು ನನಗೆ ತಿಳಿಯಿತು. ಕಿತ್ತರೆ ಸಿಕ್ಕಿಬೀಳುತ್ತೇನೆ, ನೀರೆರೆದರೆ ಅದು ಆರೈಕೆ. ಅವರ ಕಾರು ಹೋದ ಮರುದಿನವೇ ಹೆಂಡತಿಯ ಚೊಂಬನ್ನೇ ತೆಗೆದುಕೊಂಡು ಹೋಗಿ ಮೂರೂ ಡಬ್ಬಿಗಳ ಬುಡಕ್ಕೆ ಸುರಿದೆ. ಮುಚ್ಚಳವನ್ನು ಬಿಗಿಯಾಗಿ ಒತ್ತಿದೆ. ಆಮೇಲೂ ದಿನಾ ಬೆಳಿಗ್ಗೆ ಹಾಗೇ ಮಾಡಿದೆ. ಮುಚ್ಚಳದೊಳಗೆ ಇಡ್ಲಿ ಪಾತ್ರೆಯಂತೆ ನೀರಿಳಿಯುತ್ತಿತ್ತು. ಒಮ್ಮೆ ಹೊರಬರುವಾಗ ಹೆಂಡತಿ ಎದುರಿಗೇ ಇದ್ದಳು. ನನ್ನ ಕೈಯ ಚೊಂಬು ನೋಡಿದಳು, ಈಸಿಕೊಂಡು ತುಳಸಿಯ ಕಡೆ ಹೋದಳು.

ಅವರು ಮರಳಿ ಬರುವ ಹೊತ್ತಿಗೆ ಮೂರೂ ಸಸಿಗಳ ದಂಟು ಮಣ್ಣಿಗೆ ತಾಗುವಲ್ಲಿ ಕಂದಿ, ದಾರದಷ್ಟು ಸಣ್ಣಗಾಗಿ, ಮಗ್ಗುಲಿಗೆ ಬಿದ್ದಿದ್ದವು. ಅಳಿಯ ಕೋಟು ಕೂಡ ಬಿಚ್ಚದೆ ಒಂದು ಡಬ್ಬಿ ಎತ್ತಿ ಹಿಡಿದ. ತಳದಿಂದ ನೀರು ತೊಟ್ಟಿಕ್ಕಿತು. ಅವನ ಮುಖ ಬಾಡಿದ್ದನ್ನು ನಾನು ನೋಡಿದೆ. ಇನ್ನೆಷ್ಟು ತಿಂಗಳು ಮಾತ್ರೆಯ ಮಂಪರಿನಲ್ಲೇ ಕಳೆಯಬೇಕೆಂದು ಅವನು ಲೆಕ್ಕ ಹಾಕುತ್ತಿದ್ದನೇನೋ.

"ಯಾರು ಇಷ್ಟೊಂದು ನೀರು ಹಾಕಿದ್ದು?" ಎಂದಳು ಮಗಳು.

ನಾನು ಬಾಗಿಲಲ್ಲಿದ್ದ ಅವರ ಚೀಲಕ್ಕೆ ಕೈ ಹಾಕಿದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನಾನೇ ಕಣೆ. ಕೈ ಅಭ್ಯಾಸ, ಏನ್ಮಾಡ್ಲಿ. ಬಾಡಿದ ಹಾಗೆ ಕಂಡ್ವು."

ಅಳಿಯ ಡಬ್ಬಿ ಕೆಳಗಿಟ್ಟು ನಕ್ಕುಬಿಟ್ಟ. "ಅತ್ತಿಯವರ, ತುಳಸಿಗಿ ಹಾಕಿದಂಗ ಹಾಕೀರಲ್ರಿ. ಪ್ರದಕ್ಷಿಣಾನೂ ಹಾಕಿದ್ರೇನ?"

ಮಗಳೂ ನಕ್ಕಳು. ಆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಕನ್ನಡದವರು ಸೇರಿದ ಊಟದಲ್ಲಿ ಮಗಳೂ ಅಳಿಯನೂ ಅದನ್ನು ಹೇಳಿದರು; ಗೊತ್ತಿಲ್ಲದವರೂ ಬಂದು, "ಆಂಟಿ, ಗಾಂಜಾ ಪೂಜೆ ಮಾಡಿದ್ದು ನೀವೇನಾ?" ಎಂದು ಕೇಳಿದರು. ಹೆಂಡತಿ ಎಲ್ಲರ ಜೊತೆ ನಕ್ಕಳು. ಅಳಿಯನ ಎದುರು ಗಟ್ಟಿಯಾಗಿ ಕೆಮ್ಮಲೂ ಸಂಕೋಚಪಡುವವಳು ಅವನ ಮನೆಯಲ್ಲಿ ಏನೂ ತಿಳಿಯದ ಮುದುಕಿಯಾದಳು. ಒಲೆ ಆರಿಸಿದ್ದೀರಾ, ನಲ್ಲಿ ನಿಲ್ಲಿಸಿದ್ದೀರಾ ಎಂದು ಮಗಳು ಎರಡೆರಡು ಸಲ ಕೇಳತೊಡಗಿದಳು.

ನನಗೆ ಅವಳು ಹೇಳಿದ್ದು ಒಂದೇ ಮಾತು. "ಇನ್ನೊಂದ್ಸಲ ರೇಡ್ ಮಾಡೋದಿದ್ರೆ ಮೊದ್ಲೇ ಹೇಳಿ. ನಾನು ಅಂಗಡಿಗೆ ಹೋಗಿರ್ತೀನಿ."

ಅಳಿಯ ಮತ್ತೆ ಬೀಜ ಹಾಕಿದ. "ಈ ಸಲ ನೀವ ನೋಡ್ಕೋರಿ ಮಾವಾರ. ಅತ್ತಿಯವರ ಕೈಗಿ ಮಾತ್ರ ಬ್ಯಾಡ," ಎಂದು ಚಮಚವನ್ನು ನನ್ನ ಕೈಗಿತ್ತ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವನು ಬೇಕೆಂದರೂ ಕೊಡಲಾಗುತ್ತಿರಲಿಲ್ಲ. ನಾನು ನೀರನ್ನು ಹಿಂದಿನ ದಿನವೇ ತುಂಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಚಮಚದಲ್ಲಿ ಅಂಚಿನ ಸುತ್ತ ಬಿಡುತ್ತಿದ್ದೆ. ಮುಚ್ಚಳ ತೆಗೆದು ಹಳೆಯ ಪಂಚೆಯ ತುಂಡಿನಿಂದ ಹನಿ ಒರೆಸುತ್ತಿದ್ದೆ. ಡಬ್ಬಿಯ ತೂಕ ಕೈಗೆ ಅಭ್ಯಾಸವಾಯಿತು. ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡಂತೆ ಮುಚ್ಚಳವನ್ನು ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟು, ಮನೆಯ ಗಾಳಿಗೆ ಒಗ್ಗಿಸಿದೆ. ಸೇವೆಯಲ್ಲಿ ಎಷ್ಟೋ ಗಿಡ ಕಿತ್ತಿದ್ದೆ, ಒಂದನ್ನೂ ಬೆಳೆಯುವಾಗ ನೋಡಿರಲಿಲ್ಲ. ಅದನ್ನು ನೋಡಲು ಬಿಟ್ಟ ಆ ಹುಡುಗನಿಗೆ ನಾನು ಋಣಿ. ಮೂರೂ ಬದುಕಿದವು.

ಈಗ ಮತ್ತೆ ರೆನ್ನಿಂಗೆನ್‌ಗೆ ಬಂದಿದ್ದೇವೆ. ಅಳಿಯ ನಮ್ಮ ಜೊತೆ ಮೇಜಿಗೆ ಕೂತು ಊಟ ಮಾಡುತ್ತಾನೆ. ಅದು ಗಿಡದಿಂದಲೋ, ವ್ಯಾಯಾಮದಿಂದಲೋ, ಕಾಲದಿಂದಲೋ ನಾನು ಹೇಳಲಾರೆ. ಕೂತದ್ದನ್ನು ನೋಡಿದಾಗ ಕಣ್ಣು ತುಂಬಿತು. ಊಟವಾದ ಮೇಲೆ ಅವನನ್ನು ವಾಕಿಂಗಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಚೊಂಬು, ಮುಚ್ಚಳ, ಬೇಕೆಂದೇ ಮಾಡಿದ್ದು. ಕ್ಷಮಿಸಪ್ಪ ಎಂದೆ.

ಅವನು ನಡಿಗೆ ನಿಧಾನ ಮಾಡಿದ. "ಸಸಿ ಹೋದ್ವು, ಮತ್ತ ಬಂದ್ವು. ಅದು ಬಿಡ್ರಿ ಮಾವಾರ," ಎಂದ. "ನಾ ಮಂದಿ ಮುಂದ ಅತ್ತಿಯವರನ್ನ ನಗಿಯಾಡೀನಿ. ಇವತ್ತ ಹೋಗಿ ಅವರ ಕಾಲಿಗಿ ಬೀಳ್ತೀನಿ. ನೀವು ಅವರಿಗಿ ಏನಂದ್ರಿ?"

ನಾನು ಮನೆಯ ಕಡೆ ತಿರುಗಿದೆ. ಮನೆಗೆ ಬಂದವನೇ ಅವನು ನಿಜಕ್ಕೂ ಬಾಗಿ ಕಾಲು ಮುಟ್ಟಿದ. "ಏಳಪ್ಪ, ಬೆನ್ನು ಹಿಡ್ಕೊಂಡೀತು," ಎಂದು ಅವಳು ಅವನ ತೋಳು ಹಿಡಿದೆತ್ತಿದಳು. ಅವನ ಭುಜದ ಮೇಲಿಂದ ನನ್ನ ಕಡೆ ನೋಡಿದಳು. ನಾನು ಶೂ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

ಅಳಿಯನ ಕ್ಷಮೆ ಕೇಳಿದ್ದಾಯಿತು, ಆ ರಾತ್ರಿಯೇ ಮಗಳಿಗೂ ಎಲ್ಲ ಹೇಳಿ ಅವಳದೂ ಕೇಳಿದೆ. ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವವಳು ನನ್ನ ಹೆಂಡತಿ.