ಸ್ಕ್ರೀನ್ ಮೇಲೆ ಎಲ್ಲಾ ಸರಿ ಇತ್ತು

ಕಳೆದ ಸೋಮವಾರ ಸಂಜೆ ನಾಲ್ಕೂವರೆಗೆ ನಾನು ನನ್ನ ತಂಗಿಯ ಮನೆಬಾಗಿಲು ಕೆಡಿಸಿದೆ. ಕೈಯಿಂದ ಮುಟ್ಟಲೂ ಇಲ್ಲ. ಸ್ಟೂಲಿನ ಮೇಲೆ ಕೂತು, ಕಣ್ಣು ಬಿಟ್ಟುಕೊಂಡು, ಚಹಾ ಕುಡಿಯುತ್ತಾ ಕೆಡಿಸಿದೆ.

ಅದು ಹೇಗೆ ಅಂತೀರಾ? ಹೇಳುತ್ತೇನೆ. ಹೇಳದಿದ್ದರೆ ನನಗೆ ಊಟ ಸೇರುವ ಹಾಗಿಲ್ಲ.

ನನ್ನ ತಂಗಿ ಸುವರ್ಣಾ ಕುಬಿಹಾಳದಲ್ಲಿ ಅಂಗನವಾಡಿ ಟೀಚರ್. ಹದಿನಾರು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು ಈಗ ಸ್ವಂತದ್ದೊಂದು ಕಟ್ಟಿಸುತ್ತಿದ್ದಾಳೆ. ಶುಕ್ರವಾರ ಬೆಳಿಗ್ಗೆ ತಲಬಾಗಿಲಿನ ಚೌಕಟ್ಟು ನಿಲ್ಲಿಸುವ ಮುಹೂರ್ತ. ನಮ್ಮ ಕಡೆ ಬಾಗಿಲು ನಿಲ್ಲಿಸುವುದೆಂದರೆ ಏನೆಂದು ನಿಮಗೆ ಗೊತ್ತಲ್ಲ. ಅರಿಷಿಣ-ಕುಂಕುಮ ಹಚ್ಚಬೇಕು, ತೋರಣ ಕಟ್ಟಬೇಕು, ಕಾಯಿ ಒಡೆಯಬೇಕು, ಬಂದ ಬೀಗರು-ಬಿಜ್ಜರಿಗೆಲ್ಲ ಹೋಳಿಗೆ ಊಟ ಹಾಕಬೇಕು. ಗೋಡೆ ಅರ್ಧಕ್ಕೆ ನಿಂತಿದ್ದರೂ ನಡೆದೀತು, ಬಾಗಿಲಿನ ಮುಹೂರ್ತ ತಪ್ಪುವಂತಿಲ್ಲ.

ಚೌಕಟ್ಟಿನ ಮೇಲಿನ ಅಡ್ಡಪಟ್ಟಿಗೆ ಎಲ್ಲರೂ ನವಿಲು ಕೆತ್ತಿಸುತ್ತಾರೆ. ಸುವರ್ಣಾ ಒಪ್ಪಲಿಲ್ಲ. "ನವಿಲು ನಮ್ಮ ಹೊಲದಾಗ ಶೇಂಗಾ ತಿಂದು ಹೋಗತೈತಿ. ಅದನ್ನ ನಾ ತಲಿ ಮ್ಯಾಲ ಕುಂದ್ರಸ್ಕೋಬೇಕೇನು? ನನಗ ಜೋಳದ ತೆನಿ ಬೇಕು" ಅಂದಳು. ಆಯಿತು. ನಡುವೆ ದೀಪ, ಆ ಕಡೆ ಒಂದು ತೆನೆ, ಈ ಕಡೆ ಒಂದು ತೆನೆ.

ಕೆಲಸ ಕೊಟ್ಟದ್ದು ಕುಂದಗೋಳದ ಇಮಾಮ್ ಕಾಕಾಗೆ. ಮೂವತ್ತು ವರ್ಷ ಉಳಿ ಹಿಡಿದ ಮನುಷ್ಯ. ಐವತ್ತು ದಾಟಿದ ಮೇಲೆ ತಾವೇ ಕೂತು ಸಿಎನ್‌ಸಿ ಮಷೀನ್ ಕಲಿತರು. ಕಂಪ್ಯೂಟರಿನಲ್ಲಿ ಚಿತ್ರ ಹಾಕಿಕೊಟ್ಟರೆ ಕಟ್ಟಿಗೆಯ ಮೇಲೆ ತಾನೇ ಓಡಾಡಿ ಕೆತ್ತುವ ಯಂತ್ರ ಅದು. ಈ ವಯಸ್ಸಿನಲ್ಲಿ ಅದನ್ನು ಕಲಿಯುವುದು ಹುಡುಗಾಟವೇ? (ನಮ್ಮ ಸ್ಟಾಫ್ ರೂಮಿನಲ್ಲಿ ಪ್ರೊಜೆಕ್ಟರ್ ಆನ್ ಮಾಡಲು ನಾವು ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ.)

ಸೋಮವಾರ ಶಾಲೆ ಬಿಟ್ಟ ಮೇಲೆ ಕೆಲಸ ಎಲ್ಲಿಗೆ ಬಂತೆಂದು ನೋಡಲು ಹೋದೆ. ಎಡಗಡೆಯ ತೆನೆ ಆಗಲೇ ಮುಗಿದಿತ್ತು. ಕಾಳು ಕಾಳು ಎಣಿಸಬಹುದು, ಅಷ್ಟು ಚಂದ. ಅಷ್ಟರಲ್ಲಿ ಹೊರಗೆ ಟಂಟಂ ಗಾಡಿ ಬಂದು ನಿಂತಿತು. ಯಾರದೋ ಕಿಟಕಿಗಳನ್ನು ಹೇರಬೇಕಿತ್ತು.

"ಅಕ್ಕಾರ, ಐದ ನಿಮಿಷ ಇಲ್ಲೆ ನೋಡ್ಕೋಂತ ಕುಂದರ್ರಿ" ಅಂದರು ಕಾಕಾ. "ಏನರ ಬ್ಯಾರೆ ಅನಿಸಿತಂದ್ರ ಈ ಕೆಂಪ ಗುಂಡಿ ಒತ್ತಿಬಿಡ್ರಿ. ಅಂಜಬ್ಯಾಡ್ರಿ, ಏನೂ ಆಗೂದಿಲ್ಲ."

ಇದಕ್ಕಿಂತ ಸರಳವಾಗಿ ಯಾರಿಗಾದರೂ ಏನಾದರೂ ಹೇಳಲು ಸಾಧ್ಯವೇ? ಸಾಧ್ಯವಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ನನಗೆ ಅರ್ಥವಾಯಿತು. ತಲೆ ಆಡಿಸಿದೆ.

ಎರಡು ನಿಮಿಷ ಎಲ್ಲ ಸರಿ ಇತ್ತು. ಆಮೇಲೆ ಏನೋ "ಟಕ್" ಅಂದಿತು. ಬಲಕ್ಕೆ ಸರಿಯುತ್ತಾ ಎರಡನೆಯ ತೆನೆ ಬರೆಯಬೇಕಿದ್ದ ಕಟರ್ ಬಲಕ್ಕೆ ಹೋಗುವುದನ್ನೇ ಬಿಟ್ಟಿತು. ನಿಂತಲ್ಲೇ, ಒಂದೇ ಗೆರೆಯ ಮೇಲೆ, ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ. ಸಾಗವಾನಿಯಲ್ಲಿ ಕಾಲುವೆ ತೋಡಿದ ಹಾಗೆ ತಗ್ಗು ಬೀಳತೊಡಗಿತು. ಸಣ್ಣಗೆ ಹೊಗೆ ಬಂತು. ಕಟ್ಟಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ನನ್ನ ಕೈ ಗುಂಡಿಯ ಹತ್ತಿರ ಹೋಯಿತು. ಹೋದದ್ದು ನಿಜ. ಆದರೆ ಕಣ್ಣು ಸ್ಕ್ರೀನಿನ ಕಡೆ ಹೋಯಿತು. ಅಲ್ಲಿ ಏನಿತ್ತು? ಪುಟ್ಟ ಚುಕ್ಕಿಯೊಂದು ಎರಡನೆಯ ತೆನೆಯ ಸುತ್ತ ಸೊಗಸಾಗಿ ಓಡುತ್ತಿತ್ತು. ಅಂಕಿಗಳು ಸರಸರ ಬದಲಾಗುತ್ತಿದ್ದವು. ಅರವತ್ತೆರಡು ಪರ್ಸೆಂಟ್, ಅರವತ್ತಮೂರು ಪರ್ಸೆಂಟ್. ಕಟ್ಟಿಗೆಯ ಮೇಲೆ ಅನಾಹುತ, ಸ್ಕ್ರೀನಿನ ಮೇಲೆ ಸುಗ್ಗಿ!

ನಾನು ಯಾರನ್ನು ನಂಬಿದೆ? ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ಕ್ರೀನನ್ನು. 'ಮೊದಲು ಹೀಗೇ ಆಳಕ್ಕೆ ತೋಡಿ ಆಮೇಲೆ ತೆನೆ ಮಾಡುತ್ತದೋ ಏನೋ' ಅಂದುಕೊಂಡೆ. 'ಗುಂಡಿ ಒತ್ತಿ ಕೆಲಸ ಕೆಟ್ಟರೆ? ಅಕ್ಕಾರಿಗೆ ಅಷ್ಟೂ ತಿಳಿಯಲಿಲ್ಲ ಅಂದರೆ?' ಅಂದುಕೊಂಡೆ. ಕೈ ಹಿಂದಕ್ಕೆ ಬಂತು. ಚಹಾದ ಲೋಟ ಹಿಡಿಯಿತು.

ಕಾಕಾ ಒಳಗೆ ಬಂದವರು ಬಾಗಿಲಲ್ಲೇ ಮೂಗು ಅರಳಿಸಿದರು. ಎರಡೇ ಹೆಜ್ಜೆಗೆ ಓಡಿಬಂದು ಗುಂಡಿ ಒತ್ತಿದರು. ಮಷೀನ್ ನಿಂತಿತು. ಅಡ್ಡಪಟ್ಟಿಯ ಬಲಗಡೆ ಬೆರಳು ಇಳಿಯುವಷ್ಟು ತಗ್ಗು, ಅಂಚೆಲ್ಲ ಕಪ್ಪು. ಮುಹೂರ್ತಕ್ಕೆ ನಾಲ್ಕೇ ದಿನ. ಅಂಥದೇ ಒಣಗಿದ ಸಾಗವಾನಿ ಅಷ್ಟರಲ್ಲಿ ಎಲ್ಲಿಂದ ತರುವುದು?

ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಬಗ್ಗಿ, ಕಟರ್ ಓಡಾಡುವ ಹಳಿಯ ಮೇಲಿಂದ ಒಂದು ಕಟ್ಟಿಗೆ ಚಕ್ಕೆ ಎತ್ತಿದರು. ಅಷ್ಟೇ, ಅದೇ ಅಡ್ಡ ಸಿಕ್ಕಿಕೊಂಡದ್ದು.

"ಕಾಕಾ, ಸ್ಕ್ರೀನ್ ಮ್ಯಾಲ ಎಲ್ಲಾ ಬರೋಬ್ಬರಿ ನಡದಿತ್ತಲ್ರಿ?"

"ಸ್ಕ್ರೀನ್ ಮ್ಯಾಲ ಕಾಣೂದು ಕಂಪ್ಯೂಟರ್ ಹೇಳಿದ್ದು, ಅಕ್ಕಾರ. ಮೋಟರ್ ಮಾಡಿದ್ದಲ್ಲ. ಅದು ಮೋಟರಿಗೆ ಹೇಳೂದು ಎರಡ ಮಾತು. ಯಾ ಕಡೆ ಹೋಗಬೇಕು, ಎಷ್ಟು ಹೆಜ್ಜಿ ಹೋಗಬೇಕು. ಹೇಳಿದ್ರ ಮುಗೀತು. ಅಂವಾ ಹ್ವಾದ್ನೋ ಇಲ್ಲೋ ಅಂತ ತಿರುಗಿ ಕೇಳೂದಿಲ್ಲ."

"ಮತ್ತ ಹ್ವಾದ ವರ್ಷ ಸರ್ವೋ ಮೋಟರ್ ಹಾಕ್ಸೇನಿ, ಅದು ತಪ್ಪೂದ ಇಲ್ಲ ಅಂದಿದ್ರಿ?"

"ಹಾಕ್ಸೇನ್ರಿ. ಅದರ ಬೆನ್ನಿಗೆ ಎನ್‌ಕೋಡರ್ ಐತಿ. ಎಷ್ಟು ತಿರಗೇನಿ ಅಂತ ಎಣಿಸಿ ಡ್ರೈವಿಗೆ, ಅಂದ್ರ ಮೋಟರ್ ನಡಸೂ ಡಬ್ಬಿಗೆ, ಹೇಳತೈತಿ. ಚೂರು ಹಿಂದ ಬಿದ್ರ ಡ್ರೈವ್ ನೂಕಿ ಮುಂದ ತರತೈತಿ. ಆದ್ರ ಅದು ಅವರಿಬ್ಬರ ನಡುವಿನ ಮಾತು. ಕಂಪ್ಯೂಟರಿನ ಕಿವಿಗೆ ಬೀಳೂದಿಲ್ಲ."

"ಡ್ರೈವಿಗೂ ನೂಕಾಕ ಆಗಲಿಲ್ಲಂದ್ರ?"

"ನನ್ನ ಕೈಲೆ ಆಗೂದಿಲ್ಲ ಅಂತ ಕೆಂಪ ದೀಪ ಹಚ್ಚಿ ಕುಂತ ಬಿಡತೈತಿ. ಅಲ್ಲಿಂದ ಒಂದ ವೈರ್ ಎಳದು ಕಂಪ್ಯೂಟರಿಗೆ ಕೊಟ್ಟಿದ್ರ, ಎಲ್ಲಾ ಗಪ್ಪನ ನಿಲ್ಲತಿತ್ರಿ."

"ಆ ವೈರ್ ಎಲ್ಲೈತಿ?"

ಕಾಕಾ ಕೈಯಲ್ಲಿದ್ದ ಚಕ್ಕೆಯನ್ನೇ ನೋಡುತ್ತಾ ನಿಂತರು. "ನಾನ ಬಿಚ್ಚಿನ್ರಿ."

ಏಕೆಂದರೆ ಆ ವೈರು ಸುಮ್ಮಸುಮ್ಮನೆ ಅಲಾರ್ಮ್ ಕೊಡುತ್ತಿತ್ತಂತೆ. ಏನೂ ಆಗದಿದ್ದರೂ ಮಷೀನ್ ನಡುವೆ ನಿಂತುಬಿಡುತ್ತಿತ್ತಂತೆ. ಕಟರ್ ತಿರುಗಿಸುವ ದೊಡ್ಡ ಮೋಟರಿನ ವೈರಿಗೆ ಅಂಟಿಸಿ ಇದನ್ನೂ ಎಳೆದಿದ್ದರು, ಅದರ ಕರೆಂಟಿನ ಗದ್ದಲ ಇದಕ್ಕೂ ತಗಲುತ್ತಿತ್ತು. ಬೇರೆ ದಾರಿಯಿಂದ ಎಳೆಯಬೇಕಿತ್ತು. ಕೆಲಸದ ಒತ್ತಡ. ಇದರ ಕಿರಿಕಿರಿ ಸಾಕೆಂದು ಬಿಚ್ಚಿ ಬದಿಗಿಟ್ಟರು. ಎರಡು ತಿಂಗಳು ಮಷೀನ್ ತಂಟೆ ಇಲ್ಲದೆ ನಡೆಯಿತು. ನಡೆಯದೇನು? ತಂಟೆ ಹೇಳುವವನ ಬಾಯಿಯನ್ನೇ ಕಟ್ಟಿದ್ದರಲ್ಲ!

ನಗಬೇಡಿ. ನಾವು ಮಾಡುವುದೂ ಇದನ್ನೇ ಅಲ್ಲವೇ? ಮೀಟಿಂಗಿನಲ್ಲಿ ಪದೇ ಪದೇ ಎದ್ದು ನಿಂತು "ಇದು ಆಗೂದಿಲ್ರಿ ಸರ್" ಅನ್ನುವವರನ್ನು ಮುಂದಿನ ಮೀಟಿಂಗಿಗೆ ಕರೆಯುವುದಿಲ್ಲ. ನಾನು ಪಾಠ ಮುಗಿಸಿ "ತಿಳೀತೇನ್ರೋ?" ಅನ್ನುತ್ತೇನೆ. ನಲವತ್ತು ಗಂಟಲು ಒಟ್ಟಿಗೆ "ಹೂನ್ರೀ" ಅನ್ನುತ್ತವೆ. ನಾನು ಮುಂದಿನ ಅಧ್ಯಾಯಕ್ಕೆ ಹೋಗುತ್ತೇನೆ. ಮೂಲೆಯಲ್ಲಿ ಯಾರಾದರೂ ಕೈ ಎತ್ತಿದರೆ "ಆಮೇಲೆ ಕೇಳು" ಅನ್ನುತ್ತೇನೆ. ಆ ಆಮೇಲೆ ಎಂದಾದರೂ ಬಂದಿದೆಯೇ? ಪಾಪ, ಆ ಕಂಪ್ಯೂಟರನ್ನು ಬೈದು ಏನು ಬಂತು. ಅದಕ್ಕೆ ಯಾರೂ ತಿರುಗಿ ಹೇಳಲಿಲ್ಲ. ನನಗೆ ಹೇಳಲು ಬರುತ್ತಾರೆ, ನಾನೇ ಕೇಳುವುದಿಲ್ಲ.

ಉಪದೇಶ ಸಾಕು. ನನ್ನ ಅವಸ್ಥೆ ಕೇಳಿ.

ಕಾಕಾ ಅಲ್ಲೇ ನಿಂತು ಸುವರ್ಣಾಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು. "ತಂಗಿ, ಮ್ಯಾಲಿನ ಪಟ್ಟಿ ಕೆಟ್ಟೈತಿ. ತಪ್ಪು ನಂದ. ಮಷೀನ್ ಚಾಲೂ ಬಿಟ್ಟು ಹೊರಗ ಹೋಗಿದ್ದೆ."

ಆ ಕಡೆಯಿಂದ ಬಂತು ನೋಡಿ. "ಏನ್ ಕಾಕಾ ಇದು! ಶುಕ್ರವಾರ ಅಷ್ಟು ಮಂದಿ ಬರಾಕತ್ತಾರ. ಅವರ ಮುಂದ ನಾ ಏನ್ ನಿಂದ್ರಸ್ಲಿ, ನಿಮ್ಮ ಮಷೀನ್ ನಿಂದ್ರಸ್ಲೇನು?"

"ಅಕ್ಕಾರ ನೋಡ್ತಿದ್ದರು" ಎಂಬ ಒಂದು ಮಾತು ಕಾಕಾ ಆಡಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅಲ್ಲೇ ಮೂರು ಅಡಿ ದೂರದಲ್ಲಿದ್ದೆ. ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಮುಂದಿನ ಮೂರು ದಿನ ಶಾಲೆ ಬಿಟ್ಟ ಕೂಡಲೇ ಅಲ್ಲಿಗೇ ಹೋದೆ. ಕಾಕಾ ಸುಟ್ಟ ಭಾಗವನ್ನು ಚೌಕಾಕಾರವಾಗಿ ಕತ್ತರಿಸಿ ತೆಗೆದರು. ಅದೇ ಸಾಗವಾನಿಯ ಉಳಿದ ತುಂಡನ್ನು ಕಟ್ಟಿಗೆಯ ಗೆರೆಗೆ ಗೆರೆ ಕೂಡಿಸಿ ಅಂಟಿಸಿದರು. ಎರಡನೆಯ ತೆನೆಯನ್ನು ಮಷೀನಿಗೆ ಕೊಡಲಿಲ್ಲ. ಪೆಟ್ಟಿಗೆಯಿಂದ ಹಳೆಯ ಉಳಿ ತೆಗೆದರು. ನಾಲ್ಕು ಪೆಟ್ಟು ಹೊಡೆಯುವುದು, ಹೆಬ್ಬೆರಳಿನಿಂದ ಸವರಿ ನೋಡುವುದು. ಮತ್ತೆ ನಾಲ್ಕು ಪೆಟ್ಟು, ಮತ್ತೆ ಹೆಬ್ಬೆರಳು. ಆ ಬೆರಳು ಒಪ್ಪದೆ ಉಳಿ ಮುಂದೆ ಹೋಗುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ನನ್ನ ಕಣ್ಣು ತುಂಬಿ ಬಂತು.

ಬುಧವಾರ ಆ ವೈರನ್ನೂ ಹಾಕಿದರು. ದೊಡ್ಡ ಮೋಟರಿನ ವೈರಿನಿಂದ ದೂರ, ಆ ಕಡೆಯ ಬದಿಗೆ ಬೇರೆ ಪೈಪಿನೊಳಗೆ ಎಳೆದರು. ಆಮೇಲೆ ಬೇಕೆಂದೇ ಹಳಿಗೆ ಒಂದು ಮರದ ಬೆಣೆ ಅಡ್ಡ ಇಟ್ಟು ಖಾಲಿ ಓಡಿಸಿದರು. ಬಡಿದದ್ದೇ ತಡ, ಮಷೀನ್ ಗಪ್. ಸ್ಕ್ರೀನ್ ತುಂಬ ಕೆಂಪು ಅಕ್ಷರ. "ಈಗ ಬಾಯಿ ಬಂತು ನೋಡ್ರಿ ಇದಕ್ಕ" ಎಂದು ಕಾಕಾ ನಕ್ಕರು. ನಾನೂ ನಕ್ಕೆ. ನನಗೆ ಮಾತ್ರ ಇನ್ನೂ ಬಂದಿರಲಿಲ್ಲ. ಸುವರ್ಣಾ ದಿನಕ್ಕೆ ಎರಡು ಸಲ ಫೋನ್ ಮಾಡಿ "ಎಲ್ಲಿಗೆ ಬಂತಕ್ಕಾ?" ಅನ್ನುತ್ತಿದ್ದಳು. "ನಡದೈತಿ, ನಡದೈತಿ" ಅನ್ನುತ್ತಿದ್ದೆ.

ಶುಕ್ರವಾರ ಬಾಗಿಲು ನಿಂತಿತು. ಹೊತ್ತಿಗೆ ಸರಿಯಾಗಿ ನಿಂತಿತು. ಎರಡು ತೆನೆಗಳಲ್ಲಿ ಯಾವುದು ಮಷೀನಿನದು, ಯಾವುದು ಕೈಯದು ಎಂದು ಹತ್ತಿರ ಹೋಗಿ ನೋಡಿದವರಿಗಷ್ಟೇ ತಿಳಿಯಬೇಕು. ಯರಗುಪ್ಪಿಯಿಂದ ಬಂದ ನಮ್ಮ ಸೋದರಮಾವನ ಮಗ ಬಸವರಾಜ ಹತ್ತಿರ ಹೋಗಿ ನೋಡಿದ. ಅವನೂ ಮನೆ ಕಟ್ಟಿಸುತ್ತಿದ್ದಾನೆ, ಆರು ಬಾಗಿಲು ಬೇಕು.

"ಅಗದಿ ಚಲೋ ಆಗೇತಿ. ಯಾರ ಕಡೆ ಮಾಡಿಸಿದಿ?"

"ಕೆಲಸ ಚಲೋನ ಐತಿ, ಖರೆ" ಅಂದಳು ಸುವರ್ಣಾ. "ಆದ್ರ ನೀ ಆ ಇಮಾಮ್ ಕಾಕಾ ಕಡೆ ಕೊಡಬ್ಯಾಡ ಮಾರಾಯ. ಮಷೀನ್ ಚಾಲೂ ಬಿಟ್ಟು ಎಲ್ಲೋ ಹೋಗಿಬಿಡತಾರ. ನಾಕ ದಿನಾ ನನಗ ನಿದ್ದಿ ಇಲ್ಲ."

ಕಾಕಾ ಅಲ್ಲೇ ಇದ್ದರು. ತೂಗುಗುಂಡು ಹಿಡಿದು ಚೌಕಟ್ಟು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಕೇಳಿಸಿತು, ಅವರ ಕೈ ಒಂದು ಕ್ಷಣ ನಿಂತಿತು. ತಲೆ ಎತ್ತಲಿಲ್ಲ. ಮೂವತ್ತು ವರ್ಷದ ಹೆಸರು ಅಷ್ಟೂ ಜನರ ಮುಂದೆ ಹೋಗುತ್ತಿತ್ತು. ಅದನ್ನು ಉಳಿಸುವ ಮಾತು ನನ್ನ ಒಬ್ಬಳ ಹತ್ತಿರವೇ ಇತ್ತು.

"ಸುವರ್ಣಾ, ಅವರು ನನಗ ಹೇಳೇ ಹೋಗಿದ್ರು" ಅಂದೆ. "ಬ್ಯಾರೆ ಅನಿಸಿದ್ರ ಗುಂಡಿ ಒತ್ತ್ರಿ ಅಂದಿದ್ರು. ನಾ ಅಲ್ಲೇ ಕುಂತಿದ್ದೆ. ಕಟ್ಟಿಗಿ ಸುಡೂದು ನೋಡಿದೆ. ಒತ್ತಲಿಲ್ಲ."

"ಇರಲಿ ಬಿಡ್ರಿ ಅಕ್ಕಾರ, ವೈರ್ ಬಿಚ್ಚಿದಾಂವ ನಾನ ಅಲ್ರಿ" ಅಂದರು ಕಾಕಾ, ಆಗಲೂ. ಬಸವರಾಜ ಅವರನ್ನೂ ನೋಡಿದ, ನನ್ನನ್ನೂ ನೋಡಿದ. ಆಮೇಲೆ ಅವರ ಹತ್ತಿರ ಹೋಗಿ, "ಕಾಕಾ, ನಮ್ಮ ಮನಿ ಅಳತಿಗೆ ಯಾವಾಗ ಬರತೀರಿ?" ಅಂದ.

ಸುವರ್ಣಾ ಎಲ್ಲರಿಗೂ ಹೋಳಿಗೆ ಬಡಿಸಿದಳು. ಕಾಕಾನ ಎಲೆಗೆ ಎರಡು ಜಾಸ್ತಿ ಹಾಕಿ, ತುಪ್ಪ ಸುರಿದು, "ತಪ್ಪ ತಿಳ್ಕೋಬ್ಯಾಡ್ರಿ ಕಾಕಾ" ಅಂದಳು. ನನ್ನ ಎಲೆಯ ಮುಂದೆ ಬಂದಾಗ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಕೇಳಿದಳು:

"ಕಣ್ಣಿಗೆ ಕಂಡದ್ದು ಬಾಯಿಗೆ ಬರಾಕ ನಾಕ ದಿನಾ ಬೇಕಾತೇನಕ್ಕಾ?"