ಚಿಲಕವಿಲ್ಲದ ಮನೆ

ಮದುವೆಯಾಗಿ ಕಂಪ್ಲಿಯಿಂದ ಹೊಸಪೇಟೆಗೆ ಬಂದ ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋಗಿ, ಬಚ್ಚಲ ಬಾಗಿಲು ಮುಂದೆ ಮಾಡಿ, ಚಿಲಕಕ್ಕೆ ಕೈ ಹಾಕಿದೆ. ಚಿಲಕವೇ ಇಲ್ಲ. ಅದು ಇದ್ದ ಜಾಗದಲ್ಲಿ ಸ್ಕ್ರೂ ತೆಗೆದ ತೂತುಗಳಿದ್ದವು, ಅವುಗಳ ಮೇಲೆ ಬಣ್ಣ ಬಳಿದಿದ್ದರು. ಅತ್ತೆಯನ್ನು ಕೂಗಿ ಕೇಳಿದರೆ, "ಟವೆಲ್ ಬಾಗ್ಲ ಮ್ಯಾಲೆ ಹಾಕವ್ವಾ, ಯಾರೂ ಬರಂಗಿಲ್ಲ. ಇಲ್ಲಾಂದ್ರ ಒಂದು ಹಾಡು ಹೇಳ್ಕೋ" ಎಂದರು. ನನಗೆ ಹಾಡು ಬರುವುದಿಲ್ಲ. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು, ಇನ್ನೊಂದರಲ್ಲಿ ನೀರು ಹಾಕಿಕೊಳ್ಳುತ್ತ ಹದಿಮೂರರ ಮಗ್ಗಿ ಹೇಳಿದೆ, ಅದೂ ಗಂಟಲು ಹರಿಯುವಂತೆ. ಹೊರಗೆ ನನ್ನ ಗಂಡ ಬಿದ್ದು ಬಿದ್ದು ನಗುತ್ತಿದ್ದ.

ಆಮೇಲೆ ನೋಡಿದರೆ ಇಡೀ ಮನೆಯಲ್ಲಿ ಯಾವ ಬಾಗಿಲಿಗೂ ಒಳಚಿಲಕವಿಲ್ಲ. ಬೀದಿ ಬಾಗಿಲಿಗೊಂದು ಬೀಗ, ಅಷ್ಟೇ. ನಮ್ಮ ಕೋಣೆಗೂ ಇಲ್ಲ. ಹೊಸದಾಗಿ ಮದುವೆಯಾದವರ ಕೋಣೆಗೆ! ಹಂಪಿ ನೋಡಲು ಬಂದು ನಮ್ಮಲ್ಲಿ ಇಳಿಯುವ ನೆಂಟರು ಬಚ್ಚಲಿಗೆ ಹೋಗುವಾಗ ಹೆಂಡತಿಯನ್ನೋ ಮಗಳನ್ನೋ ಬಾಗಿಲಲ್ಲಿ ಕಾವಲು ನಿಲ್ಲಿಸುತ್ತಿದ್ದರು. ಇದೆಲ್ಲ ನನ್ನ ಮಾವನ ಕೆಲಸ. ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾಗಿ ಬಂದ ವಾರದಲ್ಲೇ ಸ್ಕ್ರೂಡ್ರೈವರ್ ಹಿಡಿದು ಎಲ್ಲ ಚಿಲಕಗಳನ್ನೂ ಬಿಚ್ಚಿ ಹಾಕಿದ್ದರಂತೆ. ಯಾಕೆಂದು ನನ್ನ ಗಂಡನಿಗೂ ಗೊತ್ತಿರಲಿಲ್ಲ, ಕೇಳುವ ಗೋಜಿಗೂ ಅವನು ಹೋಗಿರಲಿಲ್ಲ.

ಅವರು ಕೆಟ್ಟವರಾಗಿದ್ದರೆ ಮೊದಲ ತಿಂಗಳೇ ಜಗಳ ತೆಗೆದು ಹೊರಬೀಳುತ್ತಿದ್ದೆ. ಹಾಗಿರಲಿಲ್ಲ, ಅದೇ ಫಜೀತಿ. ಹಿಂದೆ ರಜೆಗೆ ಬಂದಾಗಲೆಲ್ಲ ಹೆಂಡತಿಯನ್ನು ಒಲೆಯಿಂದ ಎಬ್ಬಿಸಿ ತಾವೇ ರೊಟ್ಟಿ ಬಡಿಯುತ್ತಿದ್ದರಂತೆ. ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರಂತೆ. ನಾನು ಶಾಲೆಗೆ ಪಾಠ ಮಾಡಲು ಹೊರಡುವಷ್ಟರಲ್ಲಿ ನನ್ನ ಸ್ಕೂಟಿ ಒರೆಸಿ, ಗಾಳಿ ನೋಡಿ, ಮುಖ ಬೀದಿಗೆ ತಿರುಗಿಸಿ ನಿಲ್ಲಿಸಿರುತ್ತಿದ್ದರು. ನನ್ನ ಬುತ್ತಿಗೆ ಶೇಂಗಾ ಚಟ್ನಿ ಕುಟ್ಟುವವರೂ ಅವರೇ. ಇಂಥ ಮನುಷ್ಯನ ಮೇಲೆ ಹೇಗೆ ರೇಗುವುದು?

ಆದರೆ ಆ ಮನೆಯಲ್ಲಿ ಒಂಟಿಯಾಗಿ ಇರುವುದು ಸಾಧ್ಯವೇ ಇರಲಿಲ್ಲ. ಯಾರಾದರೂ ಕೋಣೆಯೊಳಗೆ ಸ್ವಲ್ಪ ಹೊತ್ತು ಸದ್ದಿಲ್ಲದೆ ಇದ್ದರೆ ಇದ್ದೀಯೋ ಇಲ್ಲವೋ ಎಂದು ಹೊರಗಿನಿಂದ ಮಾವನ ದನಿ ಬರುತ್ತಿತ್ತು: "ಅದಿಯೇನು?" ತಕ್ಷಣ "ಅದೀನಿ" ಎನ್ನಬೇಕು. ಎನ್ನದಿದ್ದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ತಲೆನೋವೆಂದು ಮಲಗಿದ್ದರೂ ಅಷ್ಟೇ, ಪೇಪರ್ ತಿದ್ದುತ್ತಿದ್ದರೂ ಅಷ್ಟೇ. ಎಲ್ಲ ಬಾಗಿಲೂ ತೆರೆದಿದ್ದ ಆ ಮನೆಯಲ್ಲಿ ನನಗೆ ಉಸಿರುಗಟ್ಟುತ್ತಿತ್ತು.

ಹೀಗಿರುವಾಗ ಕಂಪ್ಲಿಯಲ್ಲಿ ನನ್ನ ಅಪ್ಪ ತೀರಿಕೊಂಡರು. ಅಲ್ಲಿ ಬಂದವರಿಗೆ ಚಹಾ ಮಾಡುವುದರಲ್ಲೇ ಹೊತ್ತು ಹೋಗಿ ಅಳುವುದಕ್ಕೂ ಆಗಿರಲಿಲ್ಲ. ಹೊಸಪೇಟೆಗೆ ವಾಪಸ್ ಬಂದು ಕೋಣೆಯಲ್ಲಿ ಕೂತಾಗ ಅಳು ಒತ್ತರಿಸಿ ಬಂತು. ಸೆರಗು ಬಾಯಿಗೆ ತುರುಕಿಕೊಂಡೆ. ಹೊರಗಿನಿಂದ "ಅದಿಯೇನವ್ವಾ?" ಎಂದರು. ನಾನು ಉತ್ತರಿಸಲಿಲ್ಲ. ಬಾಗಿಲು ತೆರೆಯಿತು.

"ಅದೀನಿ ಮಾವಾ, ಎಲ್ಲಿಗೆ ಹೋಗ್ಲಿ?" ಎಂದು ಚೀರಿದೆ. "ಇದು ಮನಿಯೇನ್ರಿ? ಜೈಲು! ಅಪ್ಪ ಸತ್ತಾನಂತ ಅಳಾಕೂ ಒಂದು ಮೂಲಿ ಇಲ್ಲ ನನಗ. ಚಿಲಕ ಹಾಕಸ್ರಿ, ಇಲ್ಲಾ ನಾಳೆನ ಸಂಡೂರಾಗ ಮನಿ ಹಿಡೀತೀನಿ." ನನ್ನ ಗಂಡನ ನೌಕರಿ ಸಂಡೂರಿನ ಗಣಿ ಆಫೀಸಿನಲ್ಲಿತ್ತು. ಅಲ್ಲಿ ಬೇರೆ ಮನೆ ಮಾಡುವ ಮಾತು ನಮ್ಮಿಬ್ಬರ ನಡುವೆ ಆಗಲೇ ನಡೆದಿತ್ತು. ಮಾವ ಬಾಗಿಲು ಮುಂದೆ ಮಾಡಿ ಹೊರಗೆ ಹೋದರು.

ಆವತ್ತು ಅಡುಗೆಮನೆಯಲ್ಲಿ ಅತ್ತೆ ಮೆಲ್ಲಗೆ ಹೇಳಿದರು. ಹಿಮದ ಗುಡ್ಡದ ಮೇಲೆ ಕಾವಲಿದ್ದಾಗ ಮಾವನೂ ಚೋರನೂರಿನ ಅವರ ಗೆಳೆಯನೂ ಗಾಳಿ ತಡೆಯಲಾರದೆ ಗುಡಿಸಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಮಲಗಿದ್ದರು. ಹಿಮ ಕುಸಿದು ಗುಡಿಸಲೇ ಮುಚ್ಚಿಹೋಯಿತು. ಚಿಲಕ ಹೆಪ್ಪುಗಟ್ಟಿ ಕೂತಿತು, ಬಾಗಿಲು ಅಲುಗಲಿಲ್ಲ.

"ಕತ್ತಲಾಗ ಒಬ್ಬರ ಮುಖ ಒಬ್ಬರಿಗೆ ಕಾಣ್ತಿದ್ದಿಲ್ಲಂತ. ಇವರು 'ಅದಿಯೇನಲೇ' ಅನ್ನೋದು, ಆತ 'ಅದೀನಿ' ಅನ್ನೋದು. ಮರುದಿನ ಆತ ಉತ್ತರ ಕೊಡ್ಲಿಲ್ಲಂತ. ಮಂದಿ ಬಂದು ಅಗದು ತಗಿಯೋತನಾ ಇವರು ಕೇಳ್ಕೋತ ಇದ್ರಂತ."

"ಮತ್ತ ನೀವು ಹೆಂಗ ಇದ್ರಿ ಅತ್ತೀ, ಇಷ್ಟು ವರ್ಷ?" ಎಂದೆ.

"ನನಗ ಅಳೋದು ಇರ್ಲಿಲ್ಲಂತ ಮಾಡೀಯೇನು? ಉಳ್ಳಾಗಡ್ಡಿ ಹೆಚ್ಕೋತ ಅಳ್ತಿದ್ದೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಶಾಲೆಯಿಂದ ಬಂದರೆ ಮಾವ ನನ್ನ ಕೋಣೆಯ ಬಾಗಿಲಿಗೆ ಹಿತ್ತಾಳೆ ಚಿಲಕ ಕೂಡಿಸುತ್ತಿದ್ದರು. ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. "ಹಾಕ್ಕೊಂಡು ನೋಡವ್ವಾ" ಎಂದರು. ಒಳಗೆ ಹೋಗಿ ಚಿಲಕ ಹಾಕಿದೆ. ಅಷ್ಟು ಆಸೆಪಟ್ಟ ಚಿಲಕ! ಹೊರಗೆ ಅವರ ಉಸಿರು ಏದುಸಿರಾಗಿ ಕೇಳುತ್ತಿತ್ತು, ಆದರೂ ಅವರು ಕೂಗಲಿಲ್ಲ. ನಾನೇ ತಡೆಯಲಾರದೆ "ಅದೀನ್ರಿ ಮಾವಾ" ಎಂದೆ. "ಹೂಂ" ಎಂದರು. ಸಂಡೂರಿನ ಮಾತು ನಾನು ಮತ್ತೆ ಎತ್ತಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಾಗ ಮಾವ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. "ನೀ ಜಗಳಗಂಟಿ. ಅದಕ್ಕ ನಿನಗ ಹೇಳ್ತೀನಿ. ನನ್ನ ಮಣ್ಣಾಗ ಹೂಳಬ್ಯಾಡ್ರಿ. ಸುಟ್ಟುಬಿಡ್ರಿ."

ನಮ್ಮ ಮಂದಿಯಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಬಿಲ್ವಪತ್ರೆ ಹಾಕಿ, ಹೂಳುವುದು ಪದ್ಧತಿ. ಮಾವನ ಅಪ್ಪ, ಅಜ್ಜ ಎಲ್ಲರೂ ಕಡ್ಡಿರಾಂಪುರದ ನಮ್ಮ ಹೊಲದಲ್ಲೇ ಇದ್ದಾರೆ. ಮಾವ ದಿನಾ ಪೂಜೆ ಮಾಡುವವರು, ಪದ್ಧತಿ ಮೀರಿದವರಲ್ಲ. ಕೈ ಹಿಡಿದು "ಆಗ್ಲಿ ಮಾವಾ" ಎಂದೆ. ಒಪ್ಪಿದ್ದೇನೋ ಒಪ್ಪಿದೆ, ಆವತ್ತಿನಿಂದ ನನ್ನ ನಿದ್ದೆ ಹಾರಿತು.

ಅವರು ಹೋದ ದಿನ ನಾನು ಬಾಯಿ ಬಿಡುವ ಮೊದಲೇ ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಹೇಳಿದ ಕೂಡಲೇ ಮಾವನ ತಮ್ಮ ಕೆಂಡವಾದರು. "ಸೊಸಿ ಮಾತು ಕೇಳಿ ಪದ್ಧತಿ ಬಿಡಬೇಕೇನು? ಮಂದಿ ಏನಂತಾರ?" ನಾನೂ ಬಿಡಲಿಲ್ಲ. "ಮಂದಿ ಹಿಮದಾಗ ಇದ್ರೇನ್ರಿ? ಅವರು ನನ್ನ ಕೈ ಹಿಡದು ಕೇಳ್ಯಾರ!" ಎಂದು ಅಂಗಳದ ತುಂಬ ಕೂಗಾಡಿದೆ. "ಹೌದಾ? ಯಾರ ಮುಂದ ಕೇಳ್ಯಾರ?" ಎಂದರು. ಯಾರ ಮುಂದೂ ಇಲ್ಲ. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಅತ್ತ ದರಿ, ಇತ್ತ ಪುಲಿ. ಮಾವನನ್ನು ಎತ್ತಲು ನಾಲ್ವರು ಬಾಗಿದರು. ಸೋತೆ ಅಂದುಕೊಂಡೆ.

ಅಷ್ಟು ಹೊತ್ತೂ ಮಾವನ ಪಾದದ ಹತ್ತಿರ ಕೂತಿದ್ದ ಅತ್ತೆ ತಲೆ ಎತ್ತಿದರು.

"ಕುಣಿ ಮುಚ್ಚಿಬರ್ರಿ" ಎಂದರು ಮೈದುನನಿಗೆ. "ಒಂದ್ಸಲ ಹೂತುಹೋಗಿದ್ರು ಅವರು. ಇನ್ನೊಂದ್ಸಲ ನಾ ಬಿಡಂಗಿಲ್ಲ."

ಮಾವನ ತಮ್ಮ ಸಲಿಕೆ ಹಿಡಿದು ಹೊಲಕ್ಕೆ ನಡೆದರು. ಅದೇ ಹೊಲದಲ್ಲಿ, ಬಯಲಿನಲ್ಲಿ ಚಿತೆ ಇಟ್ಟರು. ಹೊಗೆ ನೇರವಾಗಿ ಮೇಲೆ ಹೋಯಿತು ಎಂದು ನನ್ನ ಗಂಡ ಬಂದು ಹೇಳಿದ.

ಮನೆ ತೊಳೆದು, ಸ್ನಾನ ಮುಗಿಸಿ ನೋಡಿದರೆ ಅತ್ತೆ ನನ್ನ ಕೋಣೆಯೊಳಗೆ ಹೋಗುತ್ತಿದ್ದರು. ಬಾಗಿಲು ಮುಚ್ಚಿತು. ಹಿತ್ತಾಳೆ ಚಿಲಕ ಸರಿದ ಸದ್ದು ಕೇಳಿತು. ಅದನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅಳಲಿ, ಅಳುವುದಕ್ಕೇ ಹೋಗಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗಿನಿಂದ ಅಳುವಿನ ಸದ್ದೂ ಬರಲಿಲ್ಲ. ಬಾಗಿಲಿಗೆ ಕೈ ಊರಿ ನಿಂತೆ. ಇನ್ನು ತಡೆಯಲಾಗಲಿಲ್ಲ.

"ಅತ್ತೀ, ಅದೀರೇನ್ರಿ?"

ಮತ್ತೆ ಕೇಳಿದೆ.

"ಅದೀನವ್ವಾ" ಎಂದರು ಒಳಗಿನಿಂದ. "ಇನ್ನೇನ್ ಮಾಡ್ಲಿ, ಅದೀನಿ."