ಡ್ರಿಲ್ ಮಾಸ್ತರ ಮತ್ತು ಮಗಳ ರೇಸು

ಬೆಂಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಡ್ರಿಲ್ ಮಾಸ್ತರ ಇದ್ದ. ತಲೆಯ ತುಂಬ ಸೈಕಲ್ ರೇಸು. ಹಾಲು ತರಲು ಹೊರಟ ನನಗೂ “ಗಾಳಿಗೆ ಮಾರಿ ಕೊಡಬ್ಯಾಡ್ರಿ ಆಯಿ, ಎದುರುಗಾಳಿ ದಣಸತೈತಿ” ಎನ್ನುತ್ತಿದ್ದ.

ಅವನ ಮಗಳು ಒಂದು ರೇಸು ಗೆದ್ದರೆ ರಾಜ್ಯದ ತಂಡಕ್ಕೆ ಸೇರುವವಳಿದ್ದಳು. ರೇಸಿನ ಹಿಂದಿನ ದಿನ ಅವನು ಅವಳನ್ನು ಕರೆದುಕೊಂಡು ನಮ್ಮ ಮಾಳಿಗೆಗೆ ಬಂದು, ನಾನು ಒಣಹಾಕಿದ್ದ ಹಪ್ಪಳಗಳನ್ನೇ ಸಾಲಾಗಿ ಇಟ್ಟು ಅವಳಿಗೆ ಪಾಠ ಹೇಳಿದ.

“ರಸ್ತಾ ಸಪಾಟ ಐತಿ. ಗಾಳಿಗೆ ಮಾರಿ ಕೊಡಬ್ಯಾಡ. ಮಂದಿ ಬೆನ್ನಹಿಂದ ಅಡಗಿಕೊಂಡು ಹೋಗು. ಕಡೀ ಇನ್ನೂರು ಮೀಟರಿಗೆ ಹೊರಗ ಬಾ,” ಎಂದು ಒಂದು ಹಪ್ಪಳವನ್ನು ಜೋರಾಗಿ ಮುಂದೆ ಸರಿಸಿದ. ಅದು ಎರಡು ತುಂಡಾಯಿತು.

“ಮಾಸ್ತರ, ನಿನ್ನ ಮಗಳು ಮುರದ ಹೋದ್ಲು ನೋಡು,” ಎಂದೆ.

“ಇನ್ನೊಂದು ಕೊಡ್ರಿ ಆಯಿ.”

ಮರುದಿನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ರೇಸಿನ ದಾರಿಯ ಪಕ್ಕದ ಸಣ್ಣ ರಸ್ತೆಯಲ್ಲೇ ಓಡಿಸಿದ. ಅರ್ಧ ದಾರಿಯೂ ಆಗಿರಲಿಲ್ಲ, “ಈಗ ಹೊರಗ ಬಾ, ಲಗೂ ಬಾ” ಎಂದು ಕೂಗತೊಡಗಿದ.

“ಕಡೀಗೆ ಅಂದಿದ್ಯಲ್ಲೋ,” ಎಂದು ಬೆನ್ನಿಗೆ ಗುದ್ದಿದೆ. ಕೇಳಲಿಲ್ಲ. ಗಂಟಲು ಕಟ್ಟುವವರೆಗೆ ಕೂಗಿದ. ಮಗಳು ಇತ್ತ ತಿರುಗಲೂ ಇಲ್ಲ. ಮಂದಿಯ ಬೆನ್ನಹಿಂದೆಯೇ ಇದ್ದು, ಕೊನೆಗೆ ಹೊರಬಂದು, ಒಂದು ಗಾಲಿಯಷ್ಟು ಅಂತರದಲ್ಲಿ ಗೆದ್ದಳು.

“ನೋಡಿದ್ರಿ ಆಯಿ? ಅಪ್ಪನ ಮಾತು ಕೇಳಿದ್ಲು, ಗೆದ್ಲು,” ಎಂದ ಮಾಸ್ತರ, ಮಗಳು ಸೈಕಲ್ಲಿನಿಂದ ಇಳಿದು ನಮ್ಮ ಹತ್ತಿರ ಬಂದಾಗ.

“ಏನಂದಿ ಅಪ್ಪಾ?” ಎನ್ನುತ್ತ ಮಗಳು ಎರಡೂ ಕಿವಿಗಳಿಂದ ಹತ್ತಿ ತೆಗೆದಳು.